ಬಾತು ಸೇರಿಸಿ, ಟರ್ಕಿ ಬೇಡ

ಹನ್ನೆರಡು ಊರ ಕೋಳಿ ಇರುವ ಗೂಡಿಗೇ ನಾಲ್ಕು ಬಾತು, ಎರಡು ಟರ್ಕಿ ಸೇರಿಸಬಹುದಾ ಎಂದು ಕೇಳಿದ್ದೀರಿ. ಟರ್ಕಿ ಮಾತ್ರ ದಯವಿಟ್ಟು ಬೇಡ. ಕೋಳಿಯ ಕರುಳಿನ ಸಣ್ಣ ಹುಳದ ಮೊಟ್ಟೆಯ ಮೂಲಕ ಟರ್ಕಿಗೆ ಬ್ಲ್ಯಾಕ್‌ಹೆಡ್ ರೋಗ ಬರುತ್ತದೆ. ಕೋಳಿಗೆ ಹೆಚ್ಚೇನೂ ಆಗುವುದಿಲ್ಲ, ಟರ್ಕಿ ಹಳದಿ ಹಿಕ್ಕೆ ಹಾಕಿ, ಲಿವರ್ ಹಾಳಾಗಿ ಸಾಯುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಕೋಳಿ ಮೇಯ್ದ ಜಾಗವೂ ಆಗದು.

ಬಾತಿನದ್ದು ನೀರಿನ ಸಮಸ್ಯೆ, ಚೆಲ್ಲಿ ಗೂಡನ್ನೆಲ್ಲ ಒದ್ದೆ ಮಾಡುತ್ತವೆ. ನಮ್ಮ ಮನೆ ಕಾರ್ಕಳದ ಹತ್ತಿರ. ಮೊದಲ ಮಳೆಗಾಲ ಕೋಳಿ, ಬಾತು ಎರಡನ್ನೂ ಒಟ್ಟಿಗೇ ಬಿಟ್ಟಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ವಾಸನೆ, ನೆಲಕ್ಕೆ ಹಾಸಿದ ಉಮಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು. ಹತ್ತೇ ದಿನದಲ್ಲಿ ಆರು ಕೋಳಿ ಮರಿ ರಕ್ತಭೇದಿಯಾಗಿ ಹೋದವು. ಒದ್ದೆಯಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ರೋಗಾಣು ಬೆಳೆಯುವುದೇ ಹಾಗೆ. ಈಗ ಬಾತಿಗೆ ಬೇರೆ ಕೋಣೆ ಉಂಟು, ನಡುವೆ ಬಲೆ. ನೀರಿನ ಬೋಗುಣಿ ಹೊರಗೆ, ಜಲ್ಲಿಯ ಮೇಲೆ. ಅವು ಮೂಗು ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳ ಬೇಕೇ ಬೇಕು. ಹಗಲು ತೋಟದಲ್ಲಿ ಎಲ್ಲ ಒಟ್ಟಿಗೇ ಮೇಯುತ್ತವೆ. ಗಂಡು ಬಾತು ಒಂದೇ ಸಾಕು, ಹೆಚ್ಚಾದರೆ ಹೇಂಟೆಗಳ ಮೇಲೇರಿ ಗಾಯ ಮಾಡುತ್ತವೆ.

ಮಳೆಗಾಲದಲ್ಲಿ ಬೂಸ್ಟು ಹಿಡಿದ ನೆಲಗಡಲೆ ಹಿಂಡಿಯನ್ನು ಬಾತಿಗೆ ಹಾಕಲೇಬೇಡಿ. ಬೂಸ್ಟಿನ ವಿಷ ಕೋಳಿ ಸ್ವಲ್ಪ ತಡೆದರೂ ಬಾತು ತಡೆಯುವುದಿಲ್ಲ. ಕೋಳಿ ಮರಿಗೆ ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಗೂಡಿನ ನೆಲ ಮಣ್ಣಾ, ಸಿಮೆಂಟಾ?