ಸಾಲ್ವೇಶನ್ ಆರ್ಮಿಯ ಪುನರ್ವಸತಿ ಕೇಂದ್ರಕ್ಕೆ ಸೇರಿಸುವ ಮುನ್ನ

ಅಮೆರಿಕದಲ್ಲಿರುವ ತಮ್ಮನಿಗೆ ಕುಡಿತ ಬಿಡಿಸಲು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಕೇಂದ್ರ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗಬಹುದು, ಆದರೆ ಅದು ಆಸ್ಪತ್ರೆಯಲ್ಲ. ಸಾಮಾನ್ಯವಾಗಿ ಆರು ತಿಂಗಳು ಅಲ್ಲೇ ಉಳಿಯಬೇಕು. ಕೆಲಸ, ಕೌನ್ಸೆಲಿಂಗ್, ಬೈಬಲ್ ಅಧ್ಯಯನ, ಆರಾಧನೆ ಎಲ್ಲವೂ ದಿನಚರಿಯ ಭಾಗ. ಧರ್ಮದ ಭಾಗ ಬೇಡವೆನ್ನುವವರಿಗೆ ಇದು ಒಗ್ಗುವುದು ಕಷ್ಟ. ಶುಲ್ಕವಿಲ್ಲ, ಜನ ದಾನ ಕೊಟ್ಟ ಹಳೆ ಬಟ್ಟೆ, ಪೀಠೋಪಕರಣ ಮಾರುವ ಅಂಗಡಿಗಳ ಆದಾಯದಿಂದ ಖರ್ಚು ನಡೆಯುತ್ತದೆ. ಆ ಸಾಮಾನು ವಿಂಗಡಿಸುವಂಥದ್ದೇ ಅಲ್ಲಿನ ಕೆಲಸ, ಸಂಬಳದ ಲೆಕ್ಕ ಹಾಕಬೇಡಿ.

ಎಡವುವುದು ಸೇರುವ ಮೊದಲೇ. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದಲ್ಲಿ ನಡುಕ, ಜ್ವರ, ಇಲ್ಲದ್ದು ಕಾಣುವ ಭ್ರಮೆ. ಜೀವಕ್ಕೇ ಅಪಾಯ. ಹಾಗಾಗಿ ಮೊದಲು ಆಸ್ಪತ್ರೆಯಲ್ಲಿ ಡಿಟಾಕ್ಸ್ (ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸುವುದು), ಆಮೇಲೆ ಕೇಂದ್ರ.

ಹೆರಾಯಿನ್ ಚಟವೂ ಇದ್ದರೆ, ಆ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ ಔಷಧಿ ಮುಂದುವರಿಸಲು ಬಿಡುತ್ತಾರೆಯೇ ಎಂದು ಫೋನಿನಲ್ಲೇ ಕೇಳಿ. ಸೀಟು ಸಿಗಲೆಂದು ಆ ಔಷಧಿ ನಿಲ್ಲಿಸುವುದು ಶುದ್ಧ ತಪ್ಪು ಲೆಕ್ಕ: ತಿಂಗಳುಗಟ್ಟಲೆ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳದು, ಹೊರಬಂದು ಹೆರಾಯಿನ್ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಮನೆಯಲ್ಲಿ ಹೆರಾಯಿನ್ ಮಿತಿಮೀರಿದಾಗ ಅದರ ಪರಿಣಾಮ ತಡೆಯುವ ನಲಾಕ್ಸೋನ್ ಮೂಗಿನ ಸ್ಪ್ರೇ ಇಟ್ಟುಕೊಂಡಿರಿ.