ಲೇಖನ ಮರಳಿಸುತ್ತಿದ್ದೇವೆ: ಕಾಗೆಯನ್ನು ಉಳಿಸಿಕೊಂಡು ಮತ್ತೆ ಬರೆಯಿರಿ

ನಮಸ್ಕಾರ.

‘ಅಮೀಬಾದಿಂದ ಐನ್‌ಸ್ಟೈನ್‌ವರೆಗೆ: ಬುದ್ಧಿ ಬೆಳೆದ ಬಗೆ’ ಎಂಬ ನಿಮ್ಮ ಲೇಖನವನ್ನು ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆಯ ಕಥೆಯನ್ನು ವಿಜ್ಞಾನಿಗಳು ನಿಜಕ್ಕೂ ಪರೀಕ್ಷೆಗೆ ಒಡ್ಡಿದ್ದಾರೆ ಎಂದು ಐದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮಗೆ ‘ಸಾರಿ, ಆಗಲಿಲ್ಲ’ ಎಂದು ಒಂದು ಸಾಲು ಕಳಿಸದೆ ಇಷ್ಟುದ್ದ ಬರೆಯುತ್ತಿರುವುದು ಆ ಐದು ಸಾಲಿನ ಸಲುವಾಗಿ.

ಮೊದಲು ದೊಡ್ಡ ಕೊರತೆ. ಶೀರ್ಷಿಕೆಯಲ್ಲಿ ‘ಬೆಳೆದ ಬಗೆ’ ಎಂದಿದೆ. ಒಳಗಿರುವುದು ಜಾಣ ಪ್ರಾಣಿಗಳ ಮೆರವಣಿಗೆ: ಜೇನು, ಆಕ್ಟೋಪಸ್, ಗಿಳಿ, ಆನೆ, ಚಿಂಪಾಂಜಿ, ಕೊನೆಗೆ ನಾವು. ಯಾವುದು ಎಷ್ಟು ಜಾಣ ಎಂದು ಹೇಳುತ್ತೀರಿ, ಆ ಜಾಣತನ ಹೇಗೆ ಬಂತು ಎನ್ನುವುದು ಎಲ್ಲೂ ಇಲ್ಲ. ವಿಕಾಸದ ಬಗ್ಗೆ ಬರೆಯುವವರು ಮೂರು ಸಂಗತಿ ತೋರಿಸಲೇಬೇಕು. ಒಂದೇ ಪ್ರಭೇದದ ಪ್ರಾಣಿಗಳಲ್ಲಿ ಆ ಗುಣ ಹೆಚ್ಚು ಕಡಿಮೆ ಇರಬೇಕು. ಆ ವ್ಯತ್ಯಾಸ ಮರಿಗಳಿಗೆ ಇಳಿಯಬೇಕು. ಅದರಿಂದ ಕೆಲವಕ್ಕೆ ಮರಿಗಳು ಹೆಚ್ಚು, ಕೆಲವಕ್ಕೆ ಕಡಿಮೆ ಉಳಿಯಬೇಕು. ಈ ಮೂರೂ ಇಲ್ಲದಿದ್ದರೆ ಅದು ಪ್ರಾಣಿಗಳ ಕುರಿತ ಲೇಖನ, ವಿಕಾಸದ ಲೇಖನ ಆಗುವುದಿಲ್ಲ.

ಇದನ್ನು ಪುಸ್ತಕದ ವ್ಯಾಖ್ಯೆಯಂತೆ ಬರೆದರೆ ಓದುಗರು ಓಡಿಹೋಗುತ್ತಾರೆ ಎಂಬ ಭಯ ಬೇಡ. ಮೂರನ್ನೂ ಒಟ್ಟಿಗೆ ತೋರಿಸುವ ಒಂದು ಪ್ರಯೋಗವಿದೆ, ಅದನ್ನು ನೀವು ಮುಟ್ಟಿಯೇ ಇಲ್ಲ. ಸೊಳ್ಳೆ ಮರಿ ತಿನ್ನಲಿ ಎಂದು ನಮ್ಮ ಕಡೆ ಬಾವಿ, ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ ಮೀನಿನ ಮೇಲೆ ಸ್ವೀಡನ್ನಿನಲ್ಲಿ ನಡೆದದ್ದು, 2013ರಲ್ಲಿ ಪ್ರಕಟವಾಯಿತು. ಮಿದುಳು ತೂಗಬೇಕೆಂದರೆ ಮೀನು ಸಾಯಬೇಕು. ಹಾಗಾಗಿ ಸಂಶೋಧಕರು ಜೋಡಿಗಳಿಗೆ ಮೊದಲು ಮರಿಯಾಗಲು ಬಿಟ್ಟರು, ಆಮೇಲೆ ತಂದೆತಾಯಿಗಳ ಮಿದುಳು ತೂಗಿದರು. ದೇಹದ ಅಳತೆಗೆ ದೊಡ್ಡ ಮಿದುಳಿದ್ದ ಜೋಡಿಗಳ ಮರಿಗಳಿಂದ ಒಂದು ಸಂತತಿ, ಚಿಕ್ಕ ಮಿದುಳಿದ್ದವುಗಳ ಮರಿಗಳಿಂದ ಇನ್ನೊಂದು ಸಂತತಿ ಬೆಳೆಸಿದರು. ಎರಡೇ ತಲೆಮಾರಿಗೆ ಎರಡೂ ಸಂತತಿಗಳ ಮಿದುಳಿನ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಅಂತರ ಬಂತು. ಎರಡು ಚಿಹ್ನೆಯ ಕಾರ್ಡು, ನಾಲ್ಕು ಚಿಹ್ನೆಯ ಕಾರ್ಡು ಇಟ್ಟು ಯಾವುದರ ಬಳಿ ಆಹಾರ ಸಿಗುತ್ತದೆಂದು ಕಲಿಸಿದಾಗ ದೊಡ್ಡ ಮಿದುಳಿನ ಹೆಣ್ಣು ಮೀನುಗಳು ಚೆನ್ನಾಗಿ ಕಲಿತವು. ಗಂಡುಗಳಲ್ಲಿ ಆ ಮೇಲುಗೈ ಕಾಣಲಿಲ್ಲ. ಇದನ್ನೂ ಬರೆಯಿರಿ, ಮುಚ್ಚಿಡಬೇಡಿ. ಇನ್ನು ನಿಮ್ಮ ಲೇಖನಕ್ಕೆ ಅತಿ ಮುಖ್ಯವಾದ ಭಾಗ: ದೊಡ್ಡ ಮಿದುಳಿನ ಸಂತತಿಗೆ ಕರುಳು ಚಿಕ್ಕದಾಯಿತು, ಮರಿಗಳೂ ಕಡಿಮೆಯಾದವು.

ನಿಮ್ಮ ಎಂಟನೇ ಪುಟದಲ್ಲಿ ‘ಹಾಗಾದರೆ ಎಲ್ಲ ಜೀವಿಗಳೂ ಏಕೆ ಬುದ್ಧಿವಂತರಾಗಲಿಲ್ಲ? ಇದು ನಿಸರ್ಗದ ನಿಗೂಢ’ ಎಂದಿದ್ದೀರಿ. ನಿಗೂಢವೇನೂ ಇಲ್ಲ, ಉತ್ತರ ಆ ಗಪ್ಪಿ ತೊಟ್ಟಿಯಲ್ಲೇ ಇದೆ. ಮಿದುಳು ದುಬಾರಿ ಅಂಗ. ನಮ್ಮ ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ. 2, ವಿಶ್ರಾಂತಿಯಲ್ಲಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪಾಲು ಸುಮಾರು ಶೇ. 20. ಆ ಖರ್ಚನ್ನು ಮೀರಿಸುವ ಲಾಭ ಯಾವ ಬದುಕಿನಲ್ಲಿ ಸಿಗುತ್ತದೋ ಅಲ್ಲಿ ದೊಡ್ಡ ಮಿದುಳು ಉಳಿಯುತ್ತದೆ. ಸಿಗದ ಕಡೆ ಚಿಕ್ಕ ಮಿದುಳಿನವೇ ಗೆಲ್ಲುತ್ತವೆ.

ಎರಡನೇ ತೊಂದರೆ ಏಣಿ. ನಿಮ್ಮ ಲೇಖನದಲ್ಲಿ ಪ್ರಾಣಿಗಳು ಒಂದರ ತಲೆಯ ಮೇಲೊಂದು ಹತ್ತಿ ನಿಂತಿವೆ, ತುತ್ತತುದಿಯಲ್ಲಿ ಮನುಷ್ಯ. ಆಕ್ಟೋಪಸ್ಸನ್ನು ಮೀನಿಗೂ ಕಪ್ಪೆಗೂ ನಡುವೆ ಕೂರಿಸಿದ್ದೀರಿ, ‘ಅಲ್ಲಿಂದ ಬುದ್ಧಿ ಮುಂದಿನ ಮೆಟ್ಟಿಲೇರಿತು’ ಎಂದಿದ್ದೀರಿ. ಆಕ್ಟೋಪಸ್ಸಿಂದ ಯಾವ ಕಪ್ಪೆಯೂ ಬರಲಿಲ್ಲ. ಅದು ಬಸವನಹುಳುವಿನ ಬಳಗ. ಅದರ ವಂಶವೂ ನಮ್ಮ ವಂಶವೂ ಬೇರೆಯಾಗಿ 50 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂಟು ತೋಳುಗಳಲ್ಲಿವೆ. ನಮ್ಮದಕ್ಕೆ ಹೋಲಿಕೆಯೇ ಇಲ್ಲದ ಆ ನರವ್ಯೂಹ ಪ್ರತ್ಯೇಕವಾಗಿ ವಿಕಾಸವಾದದ್ದು. ‘ಬುದ್ಧಿ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ಕಡೆ ಮೂಡಿದೆ’ ಎಂಬ ಒಂದು ಸಾಲಿಗೆ ಇಷ್ಟು ಆಧಾರ ಸಾಕು. ನಿಮ್ಮ ನಾಲ್ಕು ಪುಟದ ಏಣಿ ಪೂರ್ತಿ ಹೋಗಬೇಕು. ಜೊತೆಗೆ ‘ನಮ್ಮೊಳಗಿನ ಸರೀಸೃಪದ ಮಿದುಳು’ ಎಂಬ ಉಪಶೀರ್ಷಿಕೆಯೂ. ಹಲ್ಲಿಯ ಮಿದುಳಿನ ಮೇಲೆ ಇಲಿಯದ್ದು, ಅದರ ಮೇಲೆ ನಮ್ಮದು ಎಂದು ಪದರ ಪದರವಾಗಿ ಕಟ್ಟಿದ್ದಲ್ಲ ಇದು. ಮುಮ್ಮಿದುಳು ಹಲ್ಲಿಗೂ ಇದೆ, ಮೀನಿಗೂ ಇದೆ. ‘ಮಿದುಳಿನ ಶೇ. 10 ಮಾತ್ರ ಬಳಸುತ್ತೇವೆ’ ಎನ್ನುವುದಂತೂ ಶುದ್ಧ ಸುಳ್ಳು. ಅದನ್ನು ಬೇರೆ ಯಾವ ಪತ್ರಿಕೆಗೂ ಕಳಿಸಬೇಡಿ.

ಬಂಡೀಪುರದ ಕೋತಿಗಳ ವಿಷಯ. ಪ್ರವಾಸಿಗರ ಮುಂದೆ ಕೂಗಿ, ಕೈ ಚಾಚಿ ತಿಂಡಿ ಕೇಳುತ್ತವೆ ಎಂಬುದು ಸರಿ. ಕೂಗು, ಕೈಚಾಚು ಎರಡನ್ನೂ ದಾಖಲಿಸಿದ ಅಧ್ಯಯನ 2018ರಲ್ಲಿ ಬಂದಿದೆ. ಆದರೆ ‘ನಮ್ಮ ಕಣ್ಣೆದುರೇ ಕೋತಿ ವಿಕಾಸ ಹೊಂದುತ್ತಿದೆ’ ಎಂಬ ನಿಮ್ಮ ತೀರ್ಮಾನಕ್ಕೆ ಅದು ಆಧಾರವಾಗದು. ಒಂದು ಕೋತಿ ತನ್ನ ಜೀವಿತದಲ್ಲಿ ಕಲಿತದ್ದು ಕಲಿಕೆ. ಇನ್ನೊಂದು ಅದನ್ನು ನೋಡಿ ಕಲಿತರೂ ಅದು ಕಲಿಕೆಯೇ. ಹಾಗೆ ಬೇಗ ಕಲಿಯಬಲ್ಲ ಮಿದುಳು ಬಂದದ್ದು ವಿಕಾಸದಿಂದ. ಇವೆರಡನ್ನು ಬೇರೆ ಮಾಡಿ ಬರೆದರೆ ಬಂಡೀಪುರದ ಉದಾಹರಣೆ ಬಲು ಚೆಂದ. ಕಲೆಸಿ ಬರೆದರೆ ಹೈಸ್ಕೂಲು ಮೇಷ್ಟರೇ ನಿಮಗೆ ಪತ್ರ ಬರೆಯುತ್ತಾರೆ.

ಅಂಕಿಗಳು. ಮನುಷ್ಯನ ಮಿದುಳಿನಲ್ಲಿ ‘86 ಕೋಟಿ’ ನರಕೋಶ ಎಂದಿದ್ದೀರಿ. ಅದು 8,600 ಕೋಟಿ. ಇಂಗ್ಲಿಷ್ ಮೂಲದ ಬಿಲಿಯನ್ ಕನ್ನಡಕ್ಕೆ ಬರುವಾಗ ನಮ್ಮ ಮೇಜಿಗೆ ಬರುವ ವಿಜ್ಞಾನ ಲೇಖನಗಳಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು ಇದು: ಒಂದು ಬಿಲಿಯನ್ ಅಂದರೆ 100 ಕೋಟಿ. ಪ್ರತಿ ಅಂಕಿಯನ್ನೂ ಒಮ್ಮೆ ಕೈಯಲ್ಲಿ ಗುಣಿಸಿ ನೋಡಿ. ಇದರ ಮುಂದಿನ ಸಾಲು ‘ಮಿದುಳು ದೊಡ್ಡದಾದಷ್ಟೂ ಬುದ್ಧಿ ದೊಡ್ಡದು’. ಆಫ್ರಿಕಾದ ಆನೆಯ ಮಿದುಳಿನಲ್ಲಿ ಸುಮಾರು 25,700 ಕೋಟಿ ನರಕೋಶಗಳಿವೆ, ನಮ್ಮ ಮೂರು ಪಟ್ಟು. ಅವುಗಳಲ್ಲಿ ಶೇ. 97ಕ್ಕೂ ಹೆಚ್ಚು ಇರುವುದು ಹಿಂದಲೆಯ ಅನುಮಸ್ತಿಷ್ಕದಲ್ಲಿ. ಮೇಲ್ಪದರವಾದ ಕಾರ್ಟೆಕ್ಸಿನಲ್ಲಿರುವುದು ಸುಮಾರು 560 ಕೋಟಿ ಮಾತ್ರ. ಅದೇ ಕಾರ್ಟೆಕ್ಸಿನಲ್ಲಿ ನಮಗೆ ಸುಮಾರು 1,600 ಕೋಟಿ. ತೂಕ ಒಂದು ಲೆಕ್ಕ, ನರಕೋಶ ಎಷ್ಟು ಎನ್ನುವುದು ಇನ್ನೊಂದು, ಅವು ಯಾವ ಭಾಗದಲ್ಲಿವೆ ಎನ್ನುವುದು ಮತ್ತೊಂದು.

ಈಗ ಕಾಗೆ. ‘ನಮ್ಮ ಕಾಗೆಗಳ ಮೇಲೆ ಪ್ರಯೋಗ ಮಾಡಿದಾಗ ಕಥೆ ನಿಜವಾಯಿತು’ ಎಂದು ಬರೆದಿದ್ದೀರಿ. ನಮ್ಮ ಊರಕಾಗೆ ಆ ಪ್ರಯೋಗದಲ್ಲಿ ಇರಲಿಲ್ಲ. 2009ರಲ್ಲಿ ಕೇಂಬ್ರಿಜ್‌ನಲ್ಲಿ ಪರೀಕ್ಷೆಗೆ ಒಳಗಾದದ್ದು ರೂಕ್ ಎಂಬ ಅದರ ದಾಯಾದಿ, ನಾಲ್ಕು ಹಕ್ಕಿ. ನೆಟ್ಟಗೆ ನಿಲ್ಲಿಸಿದ ಪಾರದರ್ಶಕ ಕೊಳವೆ, ಅರೆಬರೆ ನೀರು, ಕೊಕ್ಕಿಗೆ ಎಟುಕದಂತೆ ತೇಲುವ ಒಂದು ಹುಳು, ಪಕ್ಕದಲ್ಲಿ ಕಲ್ಲುಗಳು. ನಾಲ್ಕೂ ಕಲ್ಲು ಹಾಕಿ ಹುಳು ತಿಂದವು, ಎರಡು ಮೊದಲ ಸಲಕ್ಕೇ. ಸಣ್ಣ ಕಲ್ಲು ಬಿಟ್ಟು ದೊಡ್ಡದನ್ನು ಆರಿಸುವುದನ್ನು, ಮರದ ಹೊಟ್ಟು ತುಂಬಿದ ಕೊಳವೆ ಬಿಟ್ಟು ನೀರಿನದ್ದಕ್ಕೆ ಹಾಕುವುದನ್ನು ಬೇಗ ಕಲಿತವು. ನೀವು ಬಿಟ್ಟಿರುವ ಎರಡು ವಿವರ ಇಲ್ಲಿವೆ. ಕಾಡಿನಲ್ಲಿ ರೂಕ್ ಉಪಕರಣ ಬಳಸುವ ಹಕ್ಕಿಯಲ್ಲ. ಮತ್ತು ಈ ನಾಲ್ಕಕ್ಕೂ ಕೊಳವೆಯೊಳಗೆ ಕಲ್ಲು ಬೀಳಿಸುವ ರೂಢಿ ಹಿಂದಿನ ಇನ್ನೊಂದು ಪ್ರಯೋಗದಲ್ಲೇ ಆಗಿತ್ತು. ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಓದುಗರಿಗೆ ಅದು ಪವಾಡದಂತೆ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. 2014ರಲ್ಲಿ ನ್ಯೂ ಕ್ಯಾಲೆಡೋನಿಯಾದ ಕಾಗೆಗಳಿಗೆ (ಇವು ಕಾಡಿನಲ್ಲೇ ಕಡ್ಡಿ, ಎಲೆಗಳಿಂದ ಉಪಕರಣ ಮಾಡಿಕೊಳ್ಳುವ ಜಾತಿ) ಇನ್ನಷ್ಟು ಕಠಿಣ ಪರೀಕ್ಷೆ ಕೊಟ್ಟರು. ಮುಳುಗುವ ವಸ್ತು, ತೇಲುವ ವಸ್ತು ಎರಡೂ ಇಟ್ಟರೆ ಮುಳುಗುವುದನ್ನೇ ಹಾಕಿದವು. ಟೊಳ್ಳು ಬಿಟ್ಟು ಗಟ್ಟಿಯಾದದ್ದು, ಮರಳು ಬಿಟ್ಟು ನೀರು, ಕೆಳಮಟ್ಟದ ನೀರು ಬಿಟ್ಟು ಮೇಲ್ಮಟ್ಟದ ನೀರು, ಇಷ್ಟರಲ್ಲೂ ಪಾಸು. ಆದರೆ ಅಗಲ ಕೊಳವೆ, ಕಿರಿದು ಕೊಳವೆ ಎರಡಿಟ್ಟಾಗ ಕಿರಿದರಲ್ಲಿ ನೀರು ಬೇಗ ಏರುತ್ತದೆಂಬುದನ್ನು ಅವು ಬಳಸಿಕೊಳ್ಳಲಿಲ್ಲ. ಆಹಾರವಿದ್ದ ಕೊಳವೆಗೆ ಕಲ್ಲು ತೂರದಷ್ಟು ಕಿರಿದು ಬಾಯಿ ಇಟ್ಟು, ಪಕ್ಕದ ಕೊಳವೆಗೆ ತಳದಲ್ಲಿ ಕಾಣದಂತೆ ಜೋಡಿಸಿದ್ದರು. ಪಕ್ಕದ್ದಕ್ಕೆ ಕಲ್ಲು ಹಾಕಿದರೆ ಇದರಲ್ಲಿ ನೀರು ಏರುತ್ತಿತ್ತು. ಅಲ್ಲಿ ಕಾಗೆಗಳು ಸೋತವು.

ಈ ಸೋಲೇ ನಿಮ್ಮ ಲೇಖನದ ಜೀವಾಳ ಆಗಬಹುದು. ಕಾಗೆಗೆ ನೀರಿನ ಕೆಲವು ಗುಣ ಗೊತ್ತಾಗುತ್ತದೆ, ಕಣ್ಣಿಗೆ ಕಾಣದ ಆ ಜೋಡಣೆ ಈ ಪರೀಕ್ಷೆಯಲ್ಲಿ ಗೊತ್ತಾಗಲಿಲ್ಲ. ವಿಕಾಸ ರೂಪಿಸುವ ಬುದ್ಧಿ ಎಲ್ಲ ಕಡೆ ಒಂದೇ ಹರಿತ ಇರುವುದಿಲ್ಲ. ಬದುಕಿನಲ್ಲಿ ಎದುರಾಗುವ ಸಮಸ್ಯೆಗೆ ಹರಿತ, ಎದುರಾಗದ್ದಕ್ಕೆ ಮೊಂಡಾಗಿರಬಹುದು. ತಂತಿ ಬಗ್ಗಿಸಿದ ಬೆಟ್ಟಿಯನ್ನೂ ಇಲ್ಲೇ ತನ್ನಿ. 2002ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೆಟ್ಟಗಿದ್ದ ತಂತಿಯನ್ನು ಕೊಕ್ಕೆ ಮಾಡಿ, ಕೊಳವೆಯೊಳಗಿನ ಪುಟ್ಟ ಬಕೆಟ್ಟನ್ನು ಮೇಲೆತ್ತಿದ ಅದೇ ಜಾತಿಯ ಕಾಗೆ ಅದು. ಹೊಸ ವಸ್ತುವಿನಿಂದ ಹೊಳಹಿನಲ್ಲೇ ಉಪಾಯ ಮಾಡಿತೆಂದು ಆಗ ಎಲ್ಲರೂ ಬೆರಗಾದರು. 2016ರಲ್ಲಿ ಬಂದ ಅಧ್ಯಯನ, ಕಾಡಿನಿಂದ ಹಿಡಿದ ಕಾಗೆಗಳೂ ಬಾಗುವ ಕಡ್ಡಿಯನ್ನು ತಾವಾಗಿಯೇ ಬಗ್ಗಿಸುತ್ತವೆ ಎಂದು ತೋರಿಸಿತು. ಬೆಟ್ಟಿಯ ಕೆಲಸದಲ್ಲಿ ಹೊಳಹು ಎಷ್ಟು, ಹುಟ್ಟಿನಿಂದ ಬಂದ ಒಲವು ಎಷ್ಟು ಎಂಬ ಪ್ರಶ್ನೆ ಆಗ ಎದ್ದಿತು. ನೀವು 2002ಕ್ಕೇ ನಿಂತಿದ್ದೀರಿ.

ಕಾಗೆಯ ಮಿದುಳಿನ ಬಗ್ಗೆ ಎರಡು ಮಾತು ಸೇರಿಸಿ, ಹೆಚ್ಚು ಬೇಡ. ಹಕ್ಕಿಗಳ ವಂಶ, ಸಸ್ತನಿಗಳ ವಂಶ ಬೇರೆಯಾದದ್ದು ಸುಮಾರು 32 ಕೋಟಿ ವರ್ಷಗಳ ಹಿಂದೆ. ನಮ್ಮ ಕಾರ್ಟೆಕ್ಸಿನ ಆರು ಪದರದ ರಚನೆ ಹಕ್ಕಿಗಿಲ್ಲ. ಹಾಗಿದ್ದೂ ಕಾಗೆ ಬಳಗದ ರೇವನ್ ಹಕ್ಕಿಯ 14 ಗ್ರಾಮಿನಷ್ಟು ಮಿದುಳಿನಲ್ಲಿ, ಕಾರ್ಟೆಕ್ಸಿಗೆ ಸಮನಾದ ಭಾಗದಲ್ಲೇ, ಸುಮಾರು 120 ಕೋಟಿ ನರಕೋಶಗಳಿವೆ. ತನಗಿಂತ ಎಷ್ಟೋ ದೊಡ್ಡ ಮಿದುಳಿರುವ ಕೆಲವು ಕೋತಿಗಳ ಲೆಕ್ಕಕ್ಕೆ ಇದು ಸಮ. ಹಾರುವ ಹಕ್ಕಿಗೆ ತಲೆ ಭಾರವಾಗಬಾರದು. ಕಾಗೆ, ಗಿಳಿಗಳಲ್ಲಿ ನರಕೋಶಗಳು ಬಲು ಸಣ್ಣವು, ಒತ್ತೊತ್ತಾಗಿ ತುಂಬಿವೆ.

ಏಕೆ ವಿಕಾಸವಾಯಿತು ಎಂಬಲ್ಲಿ ‘ಗುಂಪಿನಲ್ಲಿ ಬದುಕುವುದರಿಂದಲೇ ಬುದ್ಧಿ ಬಂತು’ ಎಂದು ಖಡಾಖಂಡಿತ ಬರೆದಿದ್ದೀರಿ. ಅದು 1990ರ ದಶಕದಿಂದ ಪ್ರಬಲವಾಗಿರುವ ಒಂದು ವಾದ. 140ಕ್ಕೂ ಹೆಚ್ಚು ವಾನರ ಪ್ರಭೇದಗಳನ್ನು ಹೋಲಿಸಿದ 2017ರ ಅಧ್ಯಯನದಲ್ಲಿ ಗುಂಪಿನ ಗಾತ್ರಕ್ಕಿಂತ ಆಹಾರವೇ ಮಿದುಳಿನ ಗಾತ್ರವನ್ನು ಚೆನ್ನಾಗಿ ಊಹಿಸಿತು. ಹಣ್ಣು ಹುಡುಕಿ ತಿನ್ನುವವುಗಳ ಮಿದುಳು ಎಲೆ ಮೇಯುವವುಗಳದ್ದಕ್ಕಿಂತ ದೊಡ್ಡದು. ಎರಡೂ ವಾದ ಕೊಡಿ, ಜಗಳ ಇನ್ನೂ ಮುಗಿದಿಲ್ಲ ಎನ್ನಿ. ಮನುಷ್ಯನ ಕರುಳು ಕುಗ್ಗಿದ್ದರಿಂದ ಮಿದುಳು ಹಿಗ್ಗಿತು ಎಂಬ 1995ರ ವಾದವನ್ನು ಬಳಸುವುದಾದರೆ, 2011ರಲ್ಲಿ 100 ಸಸ್ತನಿ ಪ್ರಭೇದಗಳನ್ನು ನೋಡಿದಾಗ ಆ ಕೊಡುಕೊಳ್ಳುವಿಕೆ ಕಾಣಲಿಲ್ಲ ಎಂಬುದನ್ನೂ ಬಳಸಿ. ಗಪ್ಪಿಯಲ್ಲಿ ಕಂಡದ್ದು ಸಸ್ತನಿಗಳ ನಡುವೆ ಏಕೆ ಕಾಣಲಿಲ್ಲ ಎಂದು ಓದುಗರು ಕೇಳುತ್ತಾರೆ. ಒಂದು ಪ್ರಭೇದದೊಳಗಿನ ಹೋಲಿಕೆ ಬೇರೆ, ನೂರು ಪ್ರಭೇದಗಳ ನಡುವಿನದ್ದು ಬೇರೆ ಎಂದು ಒಂದು ವಾಕ್ಯ ಹಾಕಿ.

ಭಾಷೆಯಲ್ಲಿ ಒಂದೇ ತಿದ್ದುಪಡಿ. ‘ಬುದ್ಧಿವಂತನಾಗಲೆಂದು ಪ್ರಾಣಿ ಮಿದುಳನ್ನು ಬೆಳೆಸಿಕೊಂಡಿತು’, ‘ನಿಸರ್ಗ ನಿರ್ಧರಿಸಿತು’ ಬಗೆಯ ವಾಕ್ಯ ಹದಿನಾಲ್ಕು ಕಡೆ ಇವೆ, ಗುರುತು ಹಾಕಿ ಕಳಿಸಿದ್ದೇವೆ. ಯಾವ ಪ್ರಾಣಿಯೂ ಏನನ್ನೂ ಬೇಕೆಂದು ಬೆಳೆಸಿಕೊಳ್ಳಲಿಲ್ಲ. ‘ಇದ್ದವುಗಳಲ್ಲಿ ಇಂಥವು ಹೆಚ್ಚು ಉಳಿದವು’ ಎಂಬ ಅರ್ಥ ಬರುವಂತೆ ತಿದ್ದಿ.

ಮರುಬರಹ 1,500 ಪದ ಮೀರಬಾರದು. ರೂಕ್ ಹಕ್ಕಿಯ ಕೊಳವೆಯಿಂದ ಶುರುಮಾಡಿ, ಹೂಜಿಯ ಕಥೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳಬೇಡಿ. ಆಮೇಲೆ ನ್ಯೂ ಕ್ಯಾಲೆಡೋನಿಯಾದ ಗೆಲುವು, ಸೋಲು. ನಡುವೆ ಗಪ್ಪಿ, ಅದರ ಬೆನ್ನಿಗೇ ಖರ್ಚಿನ ಲೆಕ್ಕ. ಆಕ್ಟೋಪಸ್ಸಿಗೆ ಒಂದು ಪ್ಯಾರಾ, ಆನೆಗೆ ಮೂರು ಸಾಲು. ಐನ್‌ಸ್ಟೈನ್ ಬೇಡವೇ ಬೇಡ. ಚಿತ್ರ ನಾವು ಬರೆಸುತ್ತೇವೆ, ಅಡಿಯಲ್ಲಿ ಜೋಡಿಸಿದ ಆ ಕೊಳವೆಯ ಒಂದು ಕೈಗೆರೆ ನೀವೇ ಹಾಕಿ ಕಳಿಸಿ, ಕಲಾವಿದರಿಗೆ ಮಾತಿನಲ್ಲಿ ಹೇಳಿದರೆ ಅದು ಅರ್ಥವಾಗುವುದಿಲ್ಲ.