ಮಳೆಗಾಲದಲ್ಲಿ ಕೆಟ್ಟ ಲ್ಯಾಪ್‌ಟಾಪ್: ಮದರ್‌ಬೋರ್ಡ್ ಬದಲಿಸಲೇಬೇಕೆ?

ಪ್ರಶ್ನೆ: ನನ್ನ ಮಗಳು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದಾಳೆ. ಹತ್ತು ತಿಂಗಳ ಹಿಂದೆ ಕೊಂಡ ಅವಳ ಲ್ಯಾಪ್‌ಟಾಪ್ ಜುಲೈನಲ್ಲಿ ರಜೆಗೆ ಮನೆಗೆ ತಂದಿದ್ದಾಗ ಕೆಟ್ಟಿತು. ಪವರ್ ದೀಪ ಉರಿಯುತ್ತದೆ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಮೈಸೂರಿನ ಸರ್ವಿಸ್ ಸೆಂಟರಿನವರು ಒಳಗೆ ನೀರು ಹೋಗಿದೆ, ವಾರಂಟಿ ಅನ್ವಯಿಸುವುದಿಲ್ಲ, ಮದರ್‌ಬೋರ್ಡ್ ಬದಲಿಸಲು 24,000 ರೂಪಾಯಿ ಬೇಕು ಎಂದು ಹೇಳಿ ಹಾಗೆಯೇ ಹಿಂದಿರುಗಿಸಿದ್ದಾರೆ. ನಮ್ಮಲ್ಲಿ ಯಾರೂ ಅದರ ಮೇಲೆ ನೀರು ಚೆಲ್ಲಿಲ್ಲ. ಅವಳ ಪ್ರಾಜೆಕ್ಟ್ ಪೂರ್ತಿ ಅದರೊಳಗಿದೆ. ನಾವೇನು ಮಾಡಬೇಕು? ಮಳೆಗಾಲದಲ್ಲಿ ಇಂಥದ್ದನ್ನು ಎಲ್ಲಿಡಬೇಕು?
— ಓದುಗರೊಬ್ಬರು, ನಾಪೋಕ್ಲು

ಉತ್ತರ: ಹಣ ಕಟ್ಟುವ ಮುನ್ನ ಪ್ರಾಜೆಕ್ಟಿನ ವಿಷಯ ನೋಡಿ. ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂಡುವ ಮುಖ್ಯ ಹಲಗೆ) ಕೆಟ್ಟರೂ ಕಡತಗಳಿರುವ ಎಸ್‌ಎಸ್‌ಡಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಿಚ್ಚಿ ತೆಗೆಯಬಹುದಾದ ಪ್ರತ್ಯೇಕ ಪಟ್ಟಿ. ಅದನ್ನು ಒಂದು ಸಣ್ಣ ಕವಚಕ್ಕೆ ಹಾಕಿ ಯುಎಸ್‌ಬಿ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳು ಸಿಗುತ್ತವೆ. ಆದರೆ ವಾರಂಟಿಗಾಗಿ ದೂರು ಕೊಡುವುದಾದರೆ, ಬಿಚ್ಚಿಸುವ ಮುನ್ನ ಕೆಳಗೆ ಹೇಳಿದ ಎಚ್ಚರಿಕೆ ಓದಿ. ಕೆಲವು ತೆಳು ಮಾದರಿಗಳಲ್ಲಿ ಮಾತ್ರ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ; ಆಗ ಬೋರ್ಡ್ ಬದಲಿಸಿದರೆ ಪ್ರಾಜೆಕ್ಟೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ನಿಮ್ಮ ಮಾದರಿಯಲ್ಲಿ ಯಾವ ಬಗೆ ಇದೆ ಎಂದು ಕೇಳಿ ತಿಳಿಯಿರಿ. ವಿಂಡೋಸ್ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದನ್ನು ತೆರೆಯುವ ಸಂಖ್ಯೆ, ಅಂದರೆ ರಿಕವರಿ ಕೀ, ಬೇಕಾಗುತ್ತದೆ. ಸಾಮಾನ್ಯವಾಗಿ ಅದು ಮಗಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಈಗಲೇ ಹುಡುಕಿ ಬರೆದಿಟ್ಟುಕೊಳ್ಳಲಿ.

ದೀಪ ಉರಿದು ಪರದೆ ಕಪ್ಪಾಗಿರುವುದಕ್ಕೆ ಮದರ್‌ಬೋರ್ಡೇ ಕಾರಣವೆಂದು ಹೇಳಲಾಗದು. ಮನೆಯ ಟಿವಿಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ತೊಂದರೆ ಪರದೆಯಲ್ಲಿ ಅಥವಾ ಅದರ ಕೇಬಲಿನಲ್ಲಿದೆ, ಖರ್ಚೂ ಬಹಳ ಕಡಿಮೆಯಾಗಬಹುದು. ಕತ್ತಲೆಯಲ್ಲಿ ಪರದೆಯ ಮೇಲೆ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಎರಡರಲ್ಲೂ ಏನೂ ಕಾಣದಿದ್ದರೆ, ಕೆಲಸದ ನಡುವಿನ ಮಾಹಿತಿ ಹಿಡಿದಿಡುವ ಪಟ್ಟಿಯಾದ ರ‍್ಯಾಮ್ ಅಥವಾ ಬೋರ್ಡಿನ ಮೇಲೆ ಸಂಶಯಪಡಬೇಕು. ತೇವದಿಂದ ರ‍್ಯಾಮ್‌ನ ತುದಿಗಳಿಗೆ ಮಬ್ಬು ಹಿಡಿದರೂ ಇದೇ ಲಕ್ಷಣ ಕಾಣುತ್ತದೆ, ಮತ್ತು ಅದನ್ನು ತೆಗೆದು ಶುದ್ಧಗೊಳಿಸಿ ಮತ್ತೆ ಕೂರಿಸುವುದು ಅರ್ಧ ಗಂಟೆಯ ಕೆಲಸ.

ಈಗ ನೀರಿನ ಮಾತು. ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ನಿಮ್ಮ ಊರಿನ ಜುಲೈನಲ್ಲಿ ಲೋಟದ ನೀರೇ ಚೆಲ್ಲಬೇಕೆಂದಿಲ್ಲ. ತಣ್ಣನೆಯ ಕೋಣೆಯಲ್ಲಿದ್ದ ಯಂತ್ರವನ್ನು ಬೆಂಕಿ ಉರಿಯುವ ಬೆಚ್ಚನೆಯ ಕೋಣೆಗೆ ತಂದಾಗ ಒಳಗಿನ ಲೋಹದ ಮೇಲೆ ಹನಿ ಕಟ್ಟಿ, ದಿನ ಕಳೆದಂತೆ ತಾಮ್ರಕ್ಕೆ ಹಸಿರು ಕಿಲುಬು ಹತ್ತುತ್ತದೆ. ಚೆಲ್ಲಿದ ದ್ರವದ ಗುರುತು ಬೇರೆ: ಕಲೆ ಒಂದೆಡೆಯಿಂದ ಹರಿದಂತೆ ಇರುತ್ತದೆ, ಹೆಚ್ಚಾಗಿ ಕೀಬೋರ್ಡಿನ ಕೆಳಗೆ. ಅದಕ್ಕಾಗಿ ಸರ್ವಿಸ್ ಸೆಂಟರಿನಿಂದ ತಪಾಸಣೆಯ ವರದಿಯನ್ನೂ ಒಳಭಾಗದ ಫೋಟೋಗಳನ್ನೂ ಲಿಖಿತವಾಗಿ ಕೇಳಿ. ಬರೀ ಬಾಯಿಮಾತಿನಿಂದ ವಾರಂಟಿ ನಿರಾಕರಿಸಿದ್ದನ್ನು ನೀವು ಒಪ್ಪಿಕೊಳ್ಳಬೇಕಾಗಿಲ್ಲ ಎಂದು ನಾನು ದೃಢವಾಗಿ ಹೇಳುತ್ತೇನೆ.

ಪುರಾವೆ ಕೊಡದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಿ. ಅದರಿಂದ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ದೂರು ಹೂಡಬಹುದು. ವಕೀಲರ ಅಗತ್ಯವಿಲ್ಲ, ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಗಡುವಿದೆ. ಆದರೆ ಈ ದಾರಿ ಹಿಡಿಯುವುದಾದರೆ ಯಂತ್ರವನ್ನು ದೂರು ಇತ್ಯರ್ಥವಾಗುವವರೆಗೆ ಬೇರೆಯವರಿಂದ ಬಿಚ್ಚಿಸಬಾರದು, ಇಲ್ಲವಾದರೆ ಹಾನಿ ಮಾಡಿದವರು ಅವರೇ ಎಂಬ ವಾದಕ್ಕೆ ಎಡೆಯಾಗುತ್ತದೆ. ಕಾಯುವಷ್ಟು ದಿನವೂ ಕಿಲುಬು ಹಬ್ಬುತ್ತಿರುತ್ತದೆ ಎಂಬುದೇ ಇಲ್ಲಿನ ಸಂಕಟ. ಫೋಟೋದಲ್ಲಿ ದ್ರವದ ಕಲೆ ಸ್ಪಷ್ಟವಾಗಿದ್ದರೆ, ಅಥವಾ ಪ್ರಾಜೆಕ್ಟ್ ತಡೆಯುವಂತಿಲ್ಲದಿದ್ದರೆ, ನಾನಾದರೆ ವಾರಂಟಿಯ ಆಸೆ ಬಿಟ್ಟು ಚಿಪ್ ಲೆವೆಲ್ ರಿಪೇರಿ ಮಾಡುವವರ ಬಳಿಗೆ ಹೋಗುತ್ತೇನೆ. ಅವರು ಬೋರ್ಡನ್ನು ಬದಲಿಸದೆ ತೊಳೆದು, ಶಾರ್ಟ್ ಆದ ಸಣ್ಣ ಭಾಗವನ್ನಷ್ಟೇ ಬದಲಿಸುತ್ತಾರೆ. ಕೊಡುವ ಮೊದಲು ತಪಾಸಣೆಯ ಶುಲ್ಕ, ರಿಪೇರಿಗೆ ಎಷ್ಟು ತಿಂಗಳ ಖಾತರಿ, ತೆಗೆದ ಭಾಗ ಹಿಂದಿರುಗಿಸುವರೇ ಎಂಬುದನ್ನು ರಸೀದಿಯಲ್ಲಿ ಬರೆಸಿ, ಸೀರಿಯಲ್ ಸಂಖ್ಯೆಯ ಫೋಟೋ ಇಟ್ಟುಕೊಳ್ಳಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡಬೇಡಿ, ಪಾರ್ಸೆಲಿನಲ್ಲಿ ಕಳುಹಿಸಲೂ ಬೇಡಿ.

ಇನ್ನು ಇಡುವ ಜಾಗ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಫ್ಯಾನಿಗೆ ಹಿಡಿಯುತ್ತದೆ. ಅಕ್ಕಿಯ ಡಬ್ಬದಲ್ಲಿ ಹುಗಿದಿಡುವುದರಿಂದ ಬೋರ್ಡಿನ ತೇವ ಹೋಗುವುದಿಲ್ಲ, ಹಿಟ್ಟು ಮಾತ್ರ ಒಳಗೆ ಸೇರುತ್ತದೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಎರಡು ದಿನಕ್ಕೊಮ್ಮೆಯಾದರೂ ಹೊರತೆಗೆದು ಒಂದು ಗಂಟೆ ಚಾಲೂ ಮಾಡಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಹೊರಗಿನಿಂದ ತಂದ ಯಂತ್ರವನ್ನು ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ.